ಹರಿಶ್ಚಂದ್ರಕಾವ್ಯದಲ್ಲಿ ಮರಣದಂಡನೆ

ಅನಂತಶಯನಮೂರ್ತಿಯ ಹೊಳಲಿನವರಿಗೆ ಹಂಪೆಯ ಕವಿಯು ಪರಸ್ಥಳದವನಲ್ಲ. 13ನೆಯ ಶತಮಾನದಲ್ಲಿ ರಾಘವಾಂಕನು ವಾರ್ಧಕ ಷಟ್ಪದಿಯಲ್ಲಿ ರಚಿಸಿದ ಹರಿಶ್ಚಂದ್ರಕಾವ್ಯವನ್ನು ಸತ್ಯದ ಕಥೆಯೆಂದೇ ಸರ್ವರೂ ಓದುವರು. ಅದರೊಳಗೆ ಮರಣದಂಡನೆಯ ಪ್ರಕರಣವೊಂದು ಅಡಗಿರುವುದನ್ನು ಗಮನಿಸುವವರು ವಿರಳ.

ಹಾವು ಕಚ್ಚಿ ಮಡಿದ ಮಗನನ್ನು ಸುಡುವುದಕ್ಕೆ ಸುಂಕವನ್ನು ತರಲೆಂದು ಚಂದ್ರಮತಿಯು ಇರುಳಿನಲ್ಲಿ ಹೊರಟಳು. ಕಳ್ಳರು ಕೊಂದೆಸೆದಿದ್ದ ಕಾಶಿಯ ಅರಸುಕುವರನ ಶವವು ದಾರಿಯಲ್ಲಿ ಬಿದ್ದಿತ್ತು. ತನ್ನ ಕಂದನೆಂದು ಭ್ರಮಿಸಿ ಅದನ್ನು ಅಪ್ಪಿದುದೇ ಆಕೆಗೆ ಅಪರಾಧವಾಯಿತು. ಮಗನನ್ನು ಕಳೆದುಕೊಂಡ ತಂದೆಯೇ ನ್ಯಾಯಾಧಿಪತಿಯಾದಲ್ಲಿ ವಿಚಾರಣೆಗೆ ಎಡೆಯೆಲ್ಲಿ? ಕೊಲ್ಲಬೇಕೆಂಬ ಅಪ್ಪಣೆಯು ಅರಸನಿಂದ ವೀರಬಾಹುಕನಿಗೆ ಬಂದಿತು. ವೀರಬಾಹುಕನಿಂದ ಅವನ ಆಳಿಗೆ. ಆ ಆಳೇ ಹರಿಶ್ಚಂದ್ರನು, ಆಕೆಯ ಪತಿ! ತೀರ್ಪಿತ್ತವನು ಕತ್ತಿಯನ್ನು ಮುಟ್ಟಲಿಲ್ಲ. ಕತ್ತಿ ಹಿಡಿದವನನ್ನು ತೀರ್ಪಿನ ವಿಷಯದಲ್ಲಿ ಯಾರೂ ಕೇಳಲಿಲ್ಲ. ಆಳಿನ ಧರ್ಮವನ್ನು ತಪ್ಪದೆ ಅವನು ಕತ್ತಿಯನ್ನೆತ್ತಿಯೇಬಿಟ್ಟನು.

ಆಗ ವಿಶ್ವನಾಥನು ಮೈದೋರಿದನು. ಶಿವಕವಿಯ ಕಾವ್ಯಕ್ಕೆ ಇದು ಸಹಜವೇ ಸರಿ. ಆದರೂ ನಿರಪರಾಧಿಯ ಕೊರಳನ್ನುಳಿಸಲು ರಾಜಸಭೆಯಲ್ಲಿ ಯಾವ ದಾರಿಯೂ ತೆರೆಯದೆ, ಸಾಕ್ಷಾತ್ ಶಿವನೇ ಇಳಿದುಬರಬೇಕಾಯಿತೆಂಬುದು ಚಿಂತನಾರ್ಹ.

ಬಚನ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1980ರಲ್ಲಿ ಈ ಶಿಕ್ಷೆಯನ್ನು ಅತಿ ವಿರಳ ಪ್ರಕರಣಗಳಿಗೆ ಮಿತಗೊಳಿಸಿತು. ಅದಕ್ಕೂ ಒಡಂಬಡದ ನ್ಯಾಯಮೂರ್ತಿ ಭಗವತಿಯವರು 1982ರಲ್ಲಿ ತಮ್ಮ ಭಿನ್ನಮತದ ಕಾರಣಗಳನ್ನು ಪ್ರಕಟಿಸಿದರು. ತೀರ್ಪು ತಪ್ಪಾಗಿದ್ದರೆ ಗಲ್ಲಿಗೇರಿಸಿದ ತರುವಾಯ ಅದನ್ನು ತಿದ್ದಲಾಗದೆಂಬುದು ಅವುಗಳಲ್ಲೊಂದು.