‘ನಿಷ್ಕ್ರಿಯ’ ಎಂಬ ಮಾತಿನ ಮೂರು ಅರ್ಥಗಳು: ಯುದ್ಧಕಾಲದ ಜರ್ಮನ್ ನೆಲಬಾಂಬುಗಳ ಸುರಕ್ಷಿತ ಸಂಗ್ರಹ

ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಹೂತಿಟ್ಟಿದ್ದ ನೆಲಬಾಂಬುಗಳು ಇಂದು ಯುರೋಪಿನ ಸೈನಿಕ ಸಂಗ್ರಹಾಲಯಗಳಲ್ಲಿಯೂ ಖಾಸಗಿ ಸಂಗ್ರಾಹಕರ ಕಪಾಟುಗಳಲ್ಲಿಯೂ ಕಾಣಸಿಗುತ್ತವೆ. ಅವೆಲ್ಲಕ್ಕೂ ‘ನಿಷ್ಕ್ರಿಯ’ ಎಂಬ ಒಂದೇ ವಿಶೇಷಣ ಅಂಟಿಕೊಂಡಿದ್ದರೂ ಆ ಮಾತು ಎಂಟು ದಶಕಗಳಲ್ಲಿ ಒಂದೇ ಅರ್ಥದಲ್ಲಿ ನಿಂತಿಲ್ಲ. ರಣರಂಗದ ಸೈನಿಕನಿಗೆ ಅದು ಸದ್ಯಕ್ಕೆ ಸಿಡಿಯದ ಬಾಂಬು, ಸಂಗ್ರಾಹಕನಿಗೆ ಮದ್ದು ತೆಗೆದ ಬರಿಯ ಕವಚ, ಕಾನೂನಿಗೆ ಮದ್ದಿಲ್ಲವೆಂಬುದು ದಾಖಲೆಯಿಂದ ಸಾಬೀತಾದ ವಸ್ತು. ಈ ಕ್ಷೇತ್ರದ ಬೆಳವಣಿಗೆಯೆಂದರೆ ಮೊದಲನೆಯ ಅರ್ಥದಿಂದ ಮೂರನೆಯದಕ್ಕೆ ಸಾಗಿದ ನಡೆಯೇ ಆಗಿದೆ.

ಸಂಗ್ರಹಗಳಲ್ಲಿ ಹೆಚ್ಚಾಗಿ ಕಾಣುವುದು ‘ಟೆಲ್ಲರ್‌ಮೈನ್’ ಎಂಬ ಟ್ಯಾಂಕ್‌ನಿರೋಧಕ ಬಾಂಬು. ಜರ್ಮನ್ ಭಾಷೆಯಲ್ಲಿ ‘ಟೆಲ್ಲರ್’ ಎಂದರೆ ತಟ್ಟೆ. ಸುಮಾರು 30 ಸೆಂಟಿಮೀಟರ್ ಅಗಲದ, ಹಿಡಿಕೆಯುಳ್ಳ ಈ ಉಕ್ಕಿನ ತಟ್ಟೆಯೊಳಗೆ ಸುಮಾರು 5.5 ಕಿಲೋ ಟಿ.ಎನ್.ಟಿ. ಎಂಬ ಸ್ಫೋಟಕ ಮದ್ದು ತುಂಬಿರುತ್ತಿತ್ತು. ಮನುಷ್ಯನ ತೂಕಕ್ಕೆ ಸಾಮಾನ್ಯವಾಗಿ ಸಿಡಿಯದೆ ವಾಹನದ ಭಾರಕ್ಕೆ ಸಿಡಿಯುವಂತೆ ಅದನ್ನು ರೂಪಿಸಲಾಗಿತ್ತು. ಇದಕ್ಕೆ ತದ್ವಿರುದ್ಧವಾದದ್ದು ಕಾಲಾಳುಗಳನ್ನೇ ಗುರಿಯಾಗಿಸಿಕೊಂಡ ‘ಎಸ್-ಮೈನ್’. ನೆಲದಿಂದ ಸುಮಾರು ಒಂದು ಮೀಟರ್ ಎತ್ತರಕ್ಕೆ ಚಿಮ್ಮಿ ಗಾಳಿಯಲ್ಲಿ ಸಿಡಿಯುತ್ತಿದ್ದ ಈ ಡಬ್ಬಿ ಸುಮಾರು 360 ಉಕ್ಕಿನ ಗುಂಡುಗಳನ್ನು ಸುತ್ತಲೂ ಎರಚುತ್ತಿತ್ತು.

ಯುದ್ಧ ಮುಂದುವರಿದಂತೆ ಬಾಂಬು ಮತ್ತು ಶೋಧಕಗಳ ನಡುವೆ ಪೈಪೋಟಿ ಹುಟ್ಟಿತು. ಪೋಲೆಂಡಿನ ಎಂಜಿನಿಯರ್ ಯೂಜೆಫ್ ಕೊಸಾಟ್ಸ್ಕಿ ರೂಪಿಸಿದ, ಕೈಯಲ್ಲಿ ಹಿಡಿದು ನಡೆಯಬಹುದಾದ ಲೋಹಶೋಧಕವನ್ನು 1942ರ ಎಲ್ ಅಲಮೈನ್ ಕದನದಲ್ಲಿ ಬ್ರಿಟಿಷ್ ಸೇನೆ ಬಳಸಿತು. ಇತ್ತ ಜರ್ಮನರು ಬಾಂಬುಗಳಲ್ಲಿ ಲೋಹವನ್ನೇ ಕಡಿಮೆ ಮಾಡತೊಡಗಿದರು. ಇದರ ಒಳ್ಳೆಯ ಮಾದರಿಯೆಂದರೆ ‘ಶೂ-ಮೈನ್ 42’: ಅಂಗೈಗಿಂತ ಸ್ವಲ್ಪ ದೊಡ್ಡದಾದ ಮರದ ಪೆಟ್ಟಿಗೆ, ಒಳಗೆ 200 ಗ್ರಾಂ ಟಿ.ಎನ್.ಟಿ., ಮುಂಭಾಗದಲ್ಲಿ ಅದನ್ನು ಸಿಡಿಸುವ ಒಂದು ಚಿಕ್ಕ ಫ್ಯೂಸ್. ಮುಚ್ಚಳದ ಮೇಲೆ ಕಾಲಿಟ್ಟರೆ ಅದರ ಅಂಚು ಫ್ಯೂಸಿನ ಪಿನ್ನನ್ನು ಹೊರದೂಡುತ್ತಿತ್ತು. ಬಡಗಿಯೊಬ್ಬ ಅರ್ಧ ದಿನದಲ್ಲಿ ಮಾಡಿಟ್ಟಂತೆ ಕಾಣುವ ಈ ಪೆಟ್ಟಿಗೆಯನ್ನು ಇಂದಿಗೂ ಹಳೆಯ ಸಾಮಾನಿನ ನಡುವೆ ಗುರುತಿಸದೆ ಹೋಗುವುದು ಸುಲಭ. ಗಾಜಿನ ಕವಚದ ‘ಗ್ಲಾಸ್‌ಮೈನ್’, ಅದುಮಿದ ಮರದ ತಿರುಳಿನ ‘ಟಾಪ್ಫ್‌ಮೈನ್’ ಇದೇ ಸಾಲಿನವು. ತಾವೇ ಹೂತದ್ದನ್ನು ತಾವು ಮಾತ್ರ ಪತ್ತೆಹಚ್ಚಲೆಂದು ಜರ್ಮನರು ಟಾಪ್ಫ್‌ಮೈನಿಗೆ ಅಲ್ಪ ವಿಕಿರಣವುಳ್ಳ ಮರಳಿನ ಲೇಪವನ್ನೂ ಬಳಿದಿದ್ದರು.

ಈ ವಸ್ತುಗಳನ್ನು ಮೊದಲು ಸಂಗ್ರಹಿಸಿದವರು ಹವ್ಯಾಸಿಗಳಲ್ಲ, ಸೇನೆಯ ಎಂಜಿನಿಯರ್ ದಳಗಳಾದ ಸ್ಯಾಪರ್‌ಗಳು. ಹೊಸ ಮಾದರಿಯೊಂದು ಸಿಕ್ಕರೆ ಅದರ ರಚನೆಯನ್ನು ಅರಿತು ಮಿಕ್ಕವರಿಗೆ ಕಲಿಸುವುದು ಜೀವ ಉಳಿಸುವ ಕೆಲಸವಾಗಿತ್ತು; ಅಮೆರಿಕದ ಯುದ್ಧ ಇಲಾಖೆ 1945ರ ಮಾರ್ಚಿನಲ್ಲಿ ಹೊರತಂದ ಜರ್ಮನ್ ಸೇನೆಯ ಕೈಪಿಡಿಯಲ್ಲಿ ನೆಲಬಾಂಬುಗಳ ವಿವರ ಸೇರಿದ್ದು ಅಂಥ ಅರಿವಿನ ಫಲ. ಆದರೆ ಆಗ ‘ನಿಷ್ಕ್ರಿಯ’ ಎಂದರೆ ಫ್ಯೂಸ್ ಬೇರ್ಪಡಿಸಿದ್ದು ಎಂದಷ್ಟೇ ಅರ್ಥವಿತ್ತು, ಮದ್ದು ಒಳಗೇ ಉಳಿದಿರುತ್ತಿತ್ತು. ಆ ಅರ್ಥವೂ ಭದ್ರವಾಗಿರಲಿಲ್ಲ: ಟೆಲ್ಲರ್‌ಮೈನಿನ ಬದಿ ಹಾಗೂ ತಳದಲ್ಲಿ ಎತ್ತಿದರೆ ಸಿಡಿಯುವ ಹೆಚ್ಚುವರಿ ಫ್ಯೂಸ್ ಕೂರಿಸುವ ಕುಳಿಗಳಿದ್ದವು, ಒಮ್ಮೆ ಕೂರಿಸಿದ ಮೇಲೆ ಬಿಚ್ಚಹೋದರೆ ಸಿಡಿಯುವ ಮುಖ್ಯ ಫ್ಯೂಸ್ ಕೂಡ 1943ರ ಹೊತ್ತಿಗೆ ಬಂದಿತ್ತು. ಈ ಕೆಲಸದ ಬೆಲೆಯನ್ನು ಬೆಂಗಳೂರಿನಲ್ಲಿ ಕೇಂದ್ರವುಳ್ಳ ಮದ್ರಾಸ್ ಸ್ಯಾಪರ್ಸ್ ದಳವೂ ಬಲ್ಲದು. ಅದರ ಸುಬೇದಾರ್ ಸುಬ್ರಮಣಿಯನ್ ಅವರು 1944ರ ಫೆಬ್ರವರಿ 24ರಂದು ಇಟಲಿಯ ಮಿನ್ಯಾನೊ ಬಳಿ ಬಾಂಬು ತೆಗೆಯುವ ಕಾರ್ಯದಲ್ಲಿದ್ದಾಗ, ಸಿಡಿಯಲಿದ್ದ ಬಾಂಬಿನ ಮೇಲೆ ತಾವೇ ಬಿದ್ದು ಜೊತೆಯವರನ್ನು ಉಳಿಸಿದರು; ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಎಂಬ ಶೌರ್ಯಪದಕ ದೊರೆಯಿತು.

ಯುದ್ಧಾನಂತರದ ತೆರವು ಕಾರ್ಯ ಎರಡನೆಯ ಘಟ್ಟ. ಡೆನ್ಮಾರ್ಕಿನಲ್ಲಿ 14 ಲಕ್ಷಕ್ಕೂ ಹೆಚ್ಚು ಬಾಂಬುಗಳನ್ನು ಹೆಚ್ಚಾಗಿ ಸೋತ ಜರ್ಮನ್ ಸೈನಿಕರಿಂದಲೇ ತೆಗೆಸಲಾಯಿತು. ಹಾಗಿದ್ದೂ ಪಶ್ಚಿಮ ಕರಾವಳಿಯ ಸ್ಕಾಲಿಂಗೆನ್ ಪ್ರದೇಶ ಪೂರ್ಣ ತೆರವಾದದ್ದು 2012ರಲ್ಲಿ. ಫ್ರಾನ್ಸಿನಲ್ಲಿಯೂ ಯುದ್ಧಕೈದಿಗಳನ್ನು ಈ ಕೆಲಸಕ್ಕೆ ಹಚ್ಚಲಾಗಿತ್ತು. 1949ರ ಜಿನೀವಾ ಒಪ್ಪಂದ ನೆಲಬಾಂಬು ತೆಗೆಯುವುದನ್ನು ಅಪಾಯಕಾರಿ ದುಡಿಮೆಯೆಂದು ಸಾರಿ, ಸ್ವಇಚ್ಛೆಯಿಂದ ಮುಂದೆ ಬಾರದ ಕೈದಿಯನ್ನು ಅದಕ್ಕೆ ಹಚ್ಚಬಾರದೆಂದು ವಿಧಿಸಿತು. ಆದ್ದರಿಂದ ಸಂಗ್ರಹದ ಕವಚವೊಂದನ್ನು ಅದನ್ನು ಹೂತ ಸೇನೆಯ ಕುರುಹೆಂದಷ್ಟೇ ಓದಿದರೆ ಸಾಲದು. ಅದನ್ನು ಮಣ್ಣಿನಿಂದ ಎತ್ತಿದ ಕೈಗಳ ಚರಿತ್ರೆಯೂ ಅದಕ್ಕೆ ಸೇರಿದೆ.

ಅಗ್ಗದ ಲೋಹಶೋಧಕಗಳು ಜನರ ಕೈಗೆ ಬಂದ ಮೇಲೆ ಹಳೆಯ ರಣಭೂಮಿಗಳು ಹವ್ಯಾಸಿಗಳ ಕ್ಷೇತ್ರಗಳಾದವು. ಇಲ್ಲಿಯೇ ಮೊದಲೆರಡು ಅರ್ಥಗಳ ಗೊಂದಲ ಅಪಾಯಕ್ಕೆ ದಾರಿಯಾಗುತ್ತದೆ. ತುಕ್ಕು ಹಿಡಿದ ಬಾಂಬು ಸತ್ತಿದೆಯೆಂಬುದು ತಪ್ಪು ತಿಳಿವಳಿಕೆ, ಏಕೆಂದರೆ ಟಿ.ಎನ್.ಟಿ. ದಶಕಗಳ ಕಾಲ ಮಣ್ಣಿನಲ್ಲಿದ್ದರೂ ತನ್ನ ಶಕ್ತಿಯನ್ನು ಉಳಿಸಿಕೊಳ್ಳುತ್ತದೆ. ದೊಡ್ಡ ಮದ್ದನ್ನು ಸಿಡಿಸಲು ತಾನು ಮೊದಲು ಸಿಡಿಯುವ ಚಿಕ್ಕ ಕೊಳವೆಯಾದ ಡಿಟೊನೇಟರ್ ಇನ್ನೂ ಕೆಟ್ಟದ್ದು. ಅದರಲ್ಲಿನ ಸೀಸದ ಅಜೈಡ್ ತೇವದಲ್ಲಿ ತಾಮ್ರದ ಸಂಪರ್ಕಕ್ಕೆ ಬಂದರೆ ತೀರಾ ಸೂಕ್ಷ್ಮವಾದ ತಾಮ್ರದ ಅಜೈಡ್ ಉಂಟಾಗಬಲ್ಲದು. ‘ರೀಗೆಲ್‌ಮೈನ್ 43’ ಎಂಬ ಉದ್ದನೆಯ ಪೆಟ್ಟಿಗೆಯಾಕಾರದ ಬಾಂಬಿನಲ್ಲಿ ಭಾರವನ್ನು ತಡೆದು ಹಿಡಿದಿದ್ದ ತಂತಿಗಳು ತುಕ್ಕಿನಿಂದ ಸವೆಯುವುದರಿಂದ, ಕಾಲ ಕಳೆದಷ್ಟೂ ಅದು ಹೆಚ್ಚು ಅಪಾಯಕಾರಿಯಾಗುತ್ತದೆ. ನೆಲದಲ್ಲಿ ಸಿಕ್ಕದ್ದನ್ನು ಮುಟ್ಟದೆ, ಜಾಗವನ್ನು ಗುರುತಿಟ್ಟು, ದೂರ ಸರಿದು ಅಧಿಕಾರಿಗಳಿಗೆ ತಿಳಿಸಬೇಕೆಂಬ ನಿಯಮದ ಆಧಾರ ಈ ರಸಾಯನಶಾಸ್ತ್ರವೇ. ಜರ್ಮನಿಯಲ್ಲಿ ಇದಕ್ಕೆಂದೇ ರಾಜ್ಯಗಳ ಮದ್ದುಗುಂಡು ತೆರವು ಸೇವೆಗಳಿವೆ.

ಮೂರನೆಯ ಅರ್ಥವನ್ನು ತಂದದ್ದು ಕಾನೂನು. ಕಾಲಾಳುಗಳ ವಿರುದ್ಧದ ನೆಲಬಾಂಬುಗಳನ್ನು ನಿಷೇಧಿಸಿದ 1997ರ ಒಟ್ಟಾವ ಒಪ್ಪಂದ 1999ರ ಮಾರ್ಚ್ 1ರಂದು ಜಾರಿಗೆ ಬಂದಿತು. ತರಬೇತಿಗೆ ಬೇಕಾದ ಕನಿಷ್ಠ ಸಂಖ್ಯೆಯನ್ನು ಇಟ್ಟುಕೊಳ್ಳಲು ಅದು ದೇಶಗಳಿಗೆ ಅವಕಾಶ ಕೊಟ್ಟಿದೆ. ಬ್ರಿಟನ್ನಿನ 1998ರ ಕಾಯ್ದೆ ಬಿಡಿಭಾಗಗಳನ್ನೂ ನಿಷೇಧದ ವ್ಯಾಪ್ತಿಗೆ ತಂದಿತು. ಇದರಿಂದ ಸಂಗ್ರಹದೊಳಗೊಂದು ಗೆರೆ ಮೂಡಿತು: ಟ್ಯಾಂಕ್‌ನಿರೋಧಕವಾದ ಟೆಲ್ಲರ್‌ಮೈನ್ ಒಪ್ಪಂದದ ಹೊರಗಿದ್ದರೆ ಎಸ್-ಮೈನ್ ಹಾಗೂ ಶೂ-ಮೈನ್ ಒಳಗಿವೆ. ಭಾರತ ಈ ಒಪ್ಪಂದಕ್ಕೆ ಸೇರಿಲ್ಲವಾದರೂ ಸ್ಫೋಟಕಗಳ ಅಕ್ರಮ ಸ್ವಾಧೀನವನ್ನು 1908ರ ಸ್ಫೋಟಕ ವಸ್ತುಗಳ ಕಾಯ್ದೆ ಇಲ್ಲಿ ಅಪರಾಧವಾಗಿಸಿದೆ.

ಈ ಬೆಳವಣಿಗೆಯ ಫಲವಾಗಿ ಇಂದು ಎಚ್ಚರದ ಸಂಗ್ರಾಹಕ ನೆಲದಿಂದ ಅಗೆದದ್ದನ್ನು ಕೊಳ್ಳುವುದಿಲ್ಲ. ಮದ್ದೇ ತುಂಬದೆ ತಯಾರಾದ ಅಭ್ಯಾಸದ ಬಾಂಬನ್ನೋ, ಪರಿಣತರು ಬರಿದು ಮಾಡಿ ಪ್ರಮಾಣಪತ್ರ ಕೊಟ್ಟ ಕವಚವನ್ನೋ, ಪ್ರತಿಕೃತಿಯನ್ನೋ ಆರಿಸಿಕೊಳ್ಳುತ್ತಾನೆ. ಬರಿದಾದುದನ್ನು ತೋರಿಸಲು ಉತ್ತಮವಾದದ್ದು ಅಡ್ಡಕೊಯ್ತದ ಮಾದರಿ: ಹಲಸಿನ ಹಣ್ಣನ್ನು ಹೋಳು ಮಾಡಿದಂತೆ ಕವಚದ ಒಂದು ಪಾಲನ್ನು ತೆಗೆದುಹಾಕಿದ ಟೆಲ್ಲರ್‌ಮೈನಿನಲ್ಲಿ ಮದ್ದಿದ್ದ ಟೊಳ್ಳು, ಫ್ಯೂಸಿನ ಕುಳಿ, ಉಕ್ಕಿನ ದಪ್ಪ ಎಲ್ಲವೂ ಕಣ್ಣಿಗೆ ನೇರವಾಗಿ ಕಾಣುತ್ತವೆ. ಆದರೆ ಅದು ಎಲ್ಲಿಂದ ಬಂತು, ಯಾರು ಬರಿದು ಮಾಡಿದರು ಎಂಬ ಕಾಗದ ಜೊತೆಗಿರಬೇಕು, ಏಕೆಂದರೆ ಸಂಗ್ರಾಹಕ ತೀರಿಕೊಂಡ ಮೇಲೆ ಅಟ್ಟದ ಮೇಲೆ ಅದನ್ನು ಕಾಣುವ ವಾರಸುದಾರರಿಗೆ ಹೇಳುವವರು ಬೇರೆ ಯಾರೂ ಇರುವುದಿಲ್ಲ. ಕಾಗದವಿಲ್ಲದ ಬಾಂಬನ್ನು, ಅದು ಎಷ್ಟೇ ಹಗುರವಾಗಿ ತೋರಿದರೂ, ಮದ್ದು ತುಂಬಿದ ಬಾಂಬೆಂದೇ ಎಣಿಸುವುದು ಈ ಕ್ಷೇತ್ರ ಎಂಟು ದಶಕಗಳಲ್ಲಿ ಕಲಿತ ನಿಯಮ.