ಭಟೇರಿಯ ಋಣ

ಮಾನವ ಹಕ್ಕು ಎಂದರೆ ದೊಡ್ಡವರ ಭಾಷಣದ ಮಾತು ಎಂದುಕೊಳ್ಳುವವರೇ ಹೆಚ್ಚು. ನನಗೆ ನೆನಪಾಗುವುದು ರಾಜಸ್ಥಾನದ ಭಟೇರಿ ಎಂಬ ಹಳ್ಳಿ, ಅಲ್ಲಿನ ಕುಂಬಾರರ ಹೆಣ್ಣುಮಗಳು ಭಂವರಿ ದೇವಿ.

ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಆಕೆ 'ಸಾಥಿನ್', ಅಂದರೆ ಊರ ಹೆಂಗಸರಿಗೆ ಜೊತೆಗಾತಿ. 1992ರಲ್ಲಿ, ವರ್ಷವೂ ತುಂಬದ ಕೂಸೊಂದರ ಮದುವೆ ತಡೆಯಲು ಹೋದಳು. ಅದು ಅವಳ ಕೆಲಸವೇ ಆಗಿತ್ತು. ಊರಿನ ಬಲಾಢ್ಯರು ಸಿಟ್ಟಾದರು. ಆ ಸೆಪ್ಟೆಂಬರಿನಲ್ಲಿ ಅವಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಮಾನಕ್ಕೆ ಅಂಜಿ ಬಾಯಿ ಮುಚ್ಚಿಕೊಳ್ಳದೆ ಆಕೆ ಪೊಲೀಸರಿಗೆ ದೂರು ಕೊಟ್ಟಳು. 1995ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ದಶಕ ಕಳೆದರೂ ಮೇಲ್ಮನವಿ ಇತ್ಯರ್ಥವಾಗಲಿಲ್ಲ.

ಆದರೆ ಮಹಿಳಾ ಸಂಘಟನೆಗಳು ಸುಮ್ಮನೆ ಕೂರಲಿಲ್ಲ. ಕೆಲಸಕ್ಕೆ ಹೋಗುವ ಹೆಣ್ಣಿನ ರಕ್ಷಣೆ ಯಾರ ಹೊಣೆ ಎಂದು 'ವಿಶಾಖಾ' ಮತ್ತಿತರ ಸಂಘಟನೆಗಳು ಸುಪ್ರೀಂ ಕೋರ್ಟಿನಲ್ಲಿ ಕೇಳಿದವು. ಮಹಿಳೆಯರ ವಿರುದ್ಧದ ತಾರತಮ್ಯ ಅಳಿಸುವ ವಿಶ್ವಸಂಸ್ಥೆಯ ಒಪ್ಪಂದವನ್ನು ಭಾರತ 1993ರಲ್ಲೇ ಅನುಮೋದಿಸಿತ್ತು. 1997ರ ಆಗಸ್ಟ್ 13ರಂದು ನ್ಯಾಯಾಲಯ ಸಂವಿಧಾನದ ಜೊತೆಗೆ ಆ ಒಪ್ಪಂದವನ್ನೂ ಆಧಾರವಾಗಿಟ್ಟುಕೊಂಡು ಮಾರ್ಗಸೂಚಿ ಕೊಟ್ಟಿತು: ಕೆಲಸದ ಜಾಗದಲ್ಲಿ ದೂರು ಸಮಿತಿಯಿರಬೇಕು, ಅದಕ್ಕೆ ಹೆಂಗಸೇ ಮುಖ್ಯಸ್ಥೆಯಾಗಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು. 2013ರಲ್ಲಿ ಇದಕ್ಕೊಂದು ಕಾಯಿದೆಯೇ ಬಂತು.

ನಮ್ಮ ಕಚೇರಿಯ ಸಮಿತಿಯಲ್ಲಿ ನಾನೂ ಇದ್ದೇನೆ. "ಮನೇಲಿ ಗೊತ್ತಾದ್ರೆ ಕೆಲಸ ಬಿಡಿಸ್ತಾರೆ ಮೇಡಂ" ಎಂದು ಹಿಂಜರಿಯುವ ಹುಡುಗಿಯರಿಗೆ, ಹೆಸರನ್ನು ಗುಟ್ಟಾಗಿಡುವುದು ಕಾನೂನೇ ಹಾಕಿದ ಕಟ್ಟಳೆ ಎಂದು ಮೊದಲು ತಿಳಿಸುತ್ತೇನೆ. ಆಮೇಲೆ ಭಂವರಿಯ ಕತೆ ಹೇಳುತ್ತೇನೆ. ಕೇಳಿ ಎದ್ದುಹೋದವರಿದ್ದಾರೆ. ಕಣ್ಣೊರೆಸಿಕೊಂಡು, ಒಂದು ಹಾಳೆ ಕೊಡಿ ಎಂದವರೂ ಇದ್ದಾರೆ.