ನಗು ಯಾರದು, ನಗೆಪಾಟಲು ಯಾರದು?

ಪೋಸ್ಟ್ ಸ್ವಲ್ಪ ಉದ್ದ ಇದೆ. ಭಾನುವಾರ ಅಲ್ವಾ, ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ. ಆಮೇಲೆ ಬೈಯೋದಿದ್ರೆ ಬೈಯಿರಿ.

ಕಚೇರಿಯಲ್ಲಿ ಊಟದ ಹೊತ್ತಿಗೆ ಮೊಬೈಲ್ ಜೋಕುಗಳ ಸಂತೆ ನಡೆಯುತ್ತೆ. ಅದರಲ್ಲಿ ಮೀಸಲಾತಿ ಡಾಕ್ಟರ್ ಹೊಟ್ಟೆಯೊಳಗೆ ಕತ್ತರಿ ಬಿಟ್ಟ ಅನ್ನೋ ಜೋಕು ವರ್ಷಕ್ಕೆ ಎರಡು ಸಲ ಹೆಸರು ಬದಲಾಯಿಸಿಕೊಂಡು ಬರುತ್ತೆ. ನಾನು ನಗೋದಿಲ್ಲ. ಆಗ ಒಬ್ಬರು ಖಾಯಂ ಹೇಳುವ ಮಾತು: "ಬಿಡ್ರೀ, ನಿಮ್ಮೋರಿಗೆ ಸೆನ್ಸ್ ಆಫ್ ಹ್ಯೂಮರ್ ಕಮ್ಮಿ." ಜೋಕಿಗಿಂತ ಈ ಮಾತೇ ನನಗೆ ಹೆಚ್ಚು ನಗು ತರಿಸುತ್ತೆ. ಯಾಕಂದ್ರೆ ನಮ್ಮ ಕೇರಿಯಲ್ಲಿ ಸಾವಿನ ಮನೆ ಮುಂದೆ ಕೂತವರೂ ಸತ್ತವನ ಸಾಲದ ಲೆಕ್ಕ ಹೇಳಿಕೊಂಡು ನಗಾಡಿದ್ದನ್ನ ನೋಡಿ ಬೆಳೆದವನು ನಾನು.

ಒಂದೇ ಮಾತಿಗೆ ಒಬ್ಬ ಬಿದ್ದು ಬಿದ್ದು ನಗ್ತಾನೆ, ಪಕ್ಕದವನ ಮುಖ ಗಂಟಾಗುತ್ತೆ. ಲೋಕೋ ಭಿನ್ನ ರುಚಿಃ ಅಂತ ಹೇಳಿ ಕೈ ತೊಳ್ಕೊಳ್ಳೋದು ಸುಲಭ. ಆದರೆ ರುಚಿಗೂ ಒಂದು ಚರಿತ್ರೆ ಇರುತ್ತೆ. ತಟ್ಟೆಯಲ್ಲಿ ಏನು ಬಿತ್ತು ಅನ್ನೋದರ ಮೇಲೆ ನಾಲಿಗೆ ರುಚಿ ಬೆಳೆದ ಹಾಗೆ, ಬೆನ್ನ ಮೇಲೆ ಏನು ಬಿತ್ತು ಅನ್ನೋದರ ಮೇಲೆ ನಗುವಿನ ರುಚಿ ಬೆಳೆಯುತ್ತೆ.

ಮೊದಲು ಭರತನ ನಾಟ್ಯಶಾಸ್ತ್ರಕ್ಕೆ ಹೋಗೋಣ. ಅಲ್ಲಿ ಹಾಸ್ಯರಸದ ಅಧ್ಯಾಯದಲ್ಲಿ ನಗುವನ್ನು ಆರು ಬಗೆ ಮಾಡಿದ್ದಾರೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಅಷ್ಟಕ್ಕೇ ಬಿಟ್ಟಿಲ್ಲ. ಮೊದಲೆರಡು ಉತ್ತಮರಿಗೆ, ನಡುವಿನೆರಡು ಮಧ್ಯಮರಿಗೆ, ಕೊನೆಯೆರಡು ಅಧಮರಿಗೆ ಅಂತ ಹಂಚಿಬಿಟ್ಟಿದ್ದಾರೆ. ಉತ್ತಮನು ಹಲ್ಲು ಕಾಣದಂತೆ ಮುಗುಳ್ನಗಬೇಕು. ಕಣ್ಣಲ್ಲಿ ನೀರು ಬರೋ ಹಾಗೆ, ಪಕ್ಕೆ ಹಿಡ್ಕೊಂಡು, ಜೋರಾಗಿ ನಕ್ಕರೆ ಅವನು ಅಧಮ. ನೀರಿಗೆ, ಬಾವಿಗೆ, ದಾರಿಗೆ ಮೆಟ್ಟಿಲು ಕಟ್ಟಿದ ಸಮಾಜ ನಗುವಿಗೂ ಮೆಟ್ಟಿಲು ಕಟ್ಟಿತ್ತು. ರಾಜನನ್ನು ಗೇಲಿ ಮಾಡುವ ವಿದೂಷಕನ ಲೈಸೆನ್ಸ್ ಕೂಡ ಸಾಮಾನ್ಯವಾಗಿ ಬ್ರಾಹ್ಮಣನಿಗೇ.

ಅದೇ ಗ್ರಂಥದ ಎರಡು ಕತೆ ನನಗೆ ಬಹಳ ಮುಖ್ಯ. ಮೊದಲ ಅಧ್ಯಾಯದಲ್ಲಿ ಮೊಟ್ಟಮೊದಲ ನಾಟಕ ಆಡ್ತಾರೆ. ಕತೆ ಏನು? ದೇವತೆಗಳು ದೈತ್ಯರನ್ನು ಸೋಲಿಸಿದ್ದು. ನೋಡ್ತಾ ಕೂತಿದ್ದ ದೈತ್ಯರಿಗೆ ಸಿಟ್ಟು ಬಂದು ಪ್ರದರ್ಶನ ನಿಲ್ಲಿಸ್ತಾರೆ. ಅಂದ್ರೆ ಈ ದೇಶದ ರಂಗಭೂಮಿ ಕತೆಯ ಮೊದಲ ದಿನವೇ "ಇದು ನಮ್ಮನ್ನು ಹೀಗಳೆಯೋ ಆಟ" ಅಂತ ಎದ್ದು ನಿಂತವರು ಇದ್ದರು. ಅವರನ್ನು ವಿಘ್ನಗಳು ಅಂತ ಕರೆದರು. ಕೊನೆಯಲ್ಲಿ ಇನ್ನೊಂದು ಕತೆ. ಭರತನ ಮಕ್ಕಳು ಋಷಿಗಳನ್ನೇ ಅಣಕಿಸಿ ಆಟ ಆಡ್ತಾರೆ. ಋಷಿಗಳಿಗೆ ಕೋಪ ಬಂದು ಶಾಪ ಕೊಡ್ತಾರೆ: ನೀವು ಬ್ರಾಹ್ಮಣ್ಯ ಕಳ್ಕೊಂಡು ಶೂದ್ರರಾಗಿ!

ಈಗ ಹೇಳಿ, ಸೆನ್ಸ್ ಆಫ್ ಹ್ಯೂಮರ್ ಯಾರಿಗೆ ಕಮ್ಮಿ? ಕೆಳಗಿನವನು ಮುನಿದರೆ ವಿಘ್ನ, ಮೇಲಿನವನು ಮುನಿದರೆ ಶಾಪ. ಆ ಶಾಪವಾದರೂ ಏನು? ನಮ್ಮ ಹತ್ತಿರಕ್ಕೆ ಬಂದು ಬಾಳು ಅನ್ನೋದು.

ಇದು ನಮ್ಮ ದೇಶದ ರೋಗ ಮಾತ್ರ ಅಲ್ಲ. ಅಮೆರಿಕದಲ್ಲಿ 1830ರ ಸುಮಾರಿಗೆ ಥಾಮಸ್ ರೈಸ್ ಅನ್ನೋ ಬಿಳಿಯ ನಟ ಮುಖಕ್ಕೆ ಮಸಿ ಬಳ್ಕೊಂಡು, ಹರಕು ಬಟ್ಟೆ ಹಾಕ್ಕೊಂಡು, ಕರಿಯರ ಮಾತು, ನಡಿಗೆ, ಕುಣಿತ ಅಣಕಿಸಿ ದೊಡ್ಡ ಹೆಸರು ಮಾಡಿದ. ಆ ಕಾಮಿಡಿ ಪಾತ್ರದ ಹೆಸರು ಜಿಮ್ ಕ್ರೋ. ಮುಂದೆ ಕರಿಯರನ್ನು ಬಸ್ಸು, ರೈಲು, ಶಾಲೆ, ನೀರಿನ ನಲ್ಲಿ ಎಲ್ಲದರಲ್ಲೂ ಬೇರೆ ಇಟ್ಟ ಕಾನೂನುಗಳಿಗೆ ಏನು ಹೆಸರು ಬಂತು ಗೊತ್ತಾ? ಜಿಮ್ ಕ್ರೋ ಕಾನೂನು. "ತಮಾಷೆಗಪ್ಪಾ, ಸೀರಿಯಸ್ ತಗೋಬೇಡ" ಅನ್ನೋರು ಇದನ್ನ ನೆನಪಿಟ್ಕೊಬೇಕು. ಒಂದು ಕಾಲದ ಜೋಕಿನ ಹೆಸರು ಇನ್ನೊಂದು ಕಾಲದ ಕಾನೂನಿನ ಹೆಸರಾಯ್ತು. ನನಗೆ ಅತ್ಯಂತ ಇಷ್ಟವಿಲ್ಲದ ಹಾಸ್ಯಗಾರ ಯಾರು ಅಂದ್ರೆ ಈ ರೈಸ್ ಮತ್ತು ಅವನ ಸಂತಾನ.

ಬರ್ಟ್ ವಿಲಿಯಮ್ಸ್ ಕತೆ ಇನ್ನೂ ಸಂಕಟದ್ದು. ಇವನು ಸ್ವತಃ ಕಪ್ಪು ಮನುಷ್ಯ, ಮಹಾ ಪ್ರತಿಭಾವಂತ. ಆದರೂ ರಂಗಕ್ಕೆ ಬರಬೇಕಾದ್ರೆ ಇವನೂ ಮುಖಕ್ಕೆ ಮಸಿ ಬಳ್ಕೊಬೇಕಿತ್ತು. ಬಿಳಿಯರ ಕಲ್ಪನೆಯ ಕಪ್ಪಿನ ಮುಂದೆ ಇವನ ನಿಜದ ಕಪ್ಪು ಸಾಲಲಿಲ್ಲ! 1910ರಲ್ಲಿ ಬ್ರಾಡ್‌ವೇಯ ಜೀಗ್‌ಫೆಲ್ಡ್ ಫಾಲೀಸ್ ಅನ್ನೋ ದೊಡ್ಡ ಪ್ರದರ್ಶನದಲ್ಲಿ ಬಿಳಿಯರ ಜೊತೆ ನಿಂತು ಹೆಸರು ಮಾಡಿದರೂ ಮಸಿ ಹೋಗಲಿಲ್ಲ. ಇವನನ್ನು ನಾನು ದೂರೋದಿಲ್ಲ. ಹೊಟ್ಟೆಗಾಗಿ ತನ್ನನ್ನೇ ಗೇಲಿ ಮಾಡ್ಕೊಂಡ ಎಷ್ಟೋ ಮಂದಿ ನಮ್ಮೂರಲ್ಲೂ ಇದ್ದರು.

ಐವತ್ತು ವರ್ಷ ಬೇಕಾಯ್ತು. 1961ರ ಜನವರಿಯಲ್ಲಿ ಷಿಕಾಗೋದ ಪ್ಲೇಬಾಯ್ ಕ್ಲಬ್‌ನಲ್ಲಿ ಡಿಕ್ ಗ್ರೆಗರಿ ಅನ್ನೋ ಕಪ್ಪು ಯುವಕ ಮಸಿ ಇಲ್ಲದೆ, ಸೂಟು ಹಾಕ್ಕೊಂಡು ನಿಂತ. ಎದುರಿಗಿದ್ದವರಲ್ಲಿ ಹೆಚ್ಚಿನವರು ದಕ್ಷಿಣ ರಾಜ್ಯಗಳ ಬಿಳಿಯ ವ್ಯಾಪಾರಿಗಳು. ಅವರ ವರ್ಣದ್ವೇಷವನ್ನೇ ಅವರ ಮುಂದಿಟ್ಟು ಅವರನ್ನೇ ನಗಿಸಿದ. ಒಂದು ರಾತ್ರಿಗೆ ಬದಲಿಯಾಗಿ ಬಂದವನು ಅಲ್ಲೇ ವಾರಗಟ್ಟಲೆ ನಿಂತ. ಮುಂದೆ ನಾಗರಿಕ ಹಕ್ಕುಗಳ ಹೋರಾಟದಲ್ಲಿ ಜೈಲಿಗೂ ಹೋದ. ಜೋಕು ಹೇಳಿ ಮನೆಗೆ ಹೋಗದೆ ಬೀದಿಗೂ ಇಳಿದ ಅನ್ನೋ ಕಾರಣಕ್ಕೆ ಗ್ರೆಗರಿ ನನ್ನ ಮೆಚ್ಚಿನ ಪಟ್ಟಿಯಲ್ಲಿ ಮೇಲಿದ್ದಾನೆ.

ಈಗ ನಮ್ಮ ಟೆಂಟ್ ಸಿನಿಮಾಕ್ಕೆ ಬರೋಣ.

ನಮ್ಮ ಹೋಬಳಿ ಟೆಂಟಿನಲ್ಲಿ ನೆಲ, ಬೆಂಚು, ಕುರ್ಚಿ ಅಂತ ಮೂರು ಟಿಕೆಟ್ಟು. ಭರತಮುನಿಯ ಅಧಮ, ಮಧ್ಯಮ, ಉತ್ತಮ ಅಂತಲೇ ಇಟ್ಕೊಳ್ಳಿ. ನಾವು ಯಾವತ್ತೂ ನೆಲ. 1965ರ "ಸತ್ಯ ಹರಿಶ್ಚಂದ್ರ" ಎಷ್ಟೋ ವರ್ಷ ಆದಮೇಲೆ ನಮ್ಮಲ್ಲಿಗೆ ಮತ್ತೆ ಬಂದಾಗ ಅಜ್ಜಿ ಜೊತೆ ನೋಡಿದ್ದೆ. ನರಸಿಂಹರಾಜು ನಕ್ಷತ್ರಿಕನಾಗಿ ರಾಜನ ಬೆನ್ನು ಹತ್ತಿ ಸಾಲ ಕೇಳುವಾಗ ನೆಲ, ಬೆಂಚು, ಕುರ್ಚಿ ಎಲ್ಲ ಒಟ್ಟಿಗೆ ನಕ್ಕವು. ಸಾಲಗಾರನ ಕಾಟ ಎಲ್ಲರಿಗೂ ಗೊತ್ತು. ಆದರೆ ಎಂ.ಪಿ. ಶಂಕರ್ ವೀರಬಾಹುವಾಗಿ ಬಂದು ರಾಜನನ್ನೇ ಆಳಾಗಿ ಕೊಂಡುಕೊಂಡಾಗ ನಗು ಎರಡಾಗಿ ಸೀಳಿತು. ಕುರ್ಚಿಯವರು ನಕ್ಕಿದ್ದು ವೀರಬಾಹುವಿನ ವೇಷಕ್ಕೆ, ಕುಡಿತಕ್ಕೆ, ಒರಟುತನಕ್ಕೆ. ನೆಲದವರು ಶಿಳ್ಳೆ ಹೊಡೆದಿದ್ದು ರಾಜ ಅವನ ಮುಂದೆ ಕೈಕಟ್ಟಿ ನಿಂತಿದ್ದಕ್ಕೆ. "ನೋಡ್ಲಾ, ನಮ್ಮವನು ರಾಜನ್ನೇ ಕೊಂಡ್ಕೊಂಡ" ಅಂತ ಅಜ್ಜಿ ಸೆರಗು ಬಾಯಿಗಿಟ್ಕೊಂಡು ನಕ್ಕಳು. ಒಂದೇ ರೀಲು, ಒಂದೇ ಪರದೆ, ಒಂದೇ ಕ್ಷಣ, ಆದರೆ ನಗು ಎರಡು. ಹಾಸ್ಯದ ರುಚಿ ಯಾಕೆ ಬೇರೆ ಅನ್ನೋ ಪ್ರಶ್ನೆಗೆ ಇದಕ್ಕಿಂತ ದೊಡ್ಡ ಉತ್ತರ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ನರಸಿಂಹರಾಜು ನನಗೆ ಇಷ್ಟ. ತಿಪಟೂರಿನವರು, ಕಂಪನಿ ನಾಟಕದಲ್ಲಿ ಪಳಗಿದವರು. 1954ರಲ್ಲಿ ರಾಜ್‌ಕುಮಾರ್ ಜೊತೆಯಲ್ಲೇ "ಬೇಡರ ಕಣ್ಣಪ್ಪ"ದಿಂದ ಸಿನಿಮಾಕ್ಕೆ ಬಂದರು. ಉಬ್ಬು ಹಲ್ಲು, ಕಡ್ಡಿ ಮೈ. ಉತ್ತಮರು ಹಲ್ಲು ತೋರಿಸದೆ ನಗಬೇಕು ಅಂತ ಶಾಸ್ತ್ರ ಹೇಳಿದ ನೆಲದಲ್ಲಿ ಈ ಮನುಷ್ಯ ಬರೀ ಹಲ್ಲಲ್ಲೇ ಇಡೀ ನಾಡನ್ನು ಗೆದ್ದ! ಅವರ ಜೊತೆಯ ಬಾಲಕೃಷ್ಣ ಅವರೂ ಹಾಗೇ. ಕಿವಿ ಸರಿಯಾಗಿ ಕೇಳದಿದ್ದರೂ ಎದುರಿನವರ ಮಾತಿಗೆ ಒಂದು ಗುಲಗಂಜಿ ತಪ್ಪದಂತೆ ಜವಾಬು ಕೊಟ್ಟ ನಟ. ತನ್ನ ಕೊರತೆಯನ್ನ ಮಾರ್ಕೊಳ್ಳಲಿಲ್ಲ.

ಆಮೇಲೆ ಬಂದ ಕಾಮಿಡಿ ಟ್ರ್ಯಾಕುಗಳಲ್ಲಿ ನನಗೆ ಬೇಜಾರಾಗಿದ್ದು ಯಾಕಂದ್ರೆ, ಅಲ್ಲಿ ಕಪ್ಪು ಮೈ, ದಪ್ಪ ಹೊಟ್ಟೆ, ತೊದಲು ಮಾತು, ಹಳ್ಳಿ ಭಾಷೆ ಇವೇ ಜೋಕು. ನಾಯಕ ಬೆಳ್ಳಗೆ, ಆಳು ಕಪ್ಪಗೆ, ಒದೆ ತಿನ್ನೋನು ಆಳು. ಮಾತಿನ ಚಮತ್ಕಾರವೇ ಬೇಡ, ಬಣ್ಣ ತೋರಿಸಿದ್ರೆ ಸಾಕು, ಜನ ನಗ್ತಾರೆ. ನಟರ ತಪ್ಪು ಅನ್ನೋದಿಲ್ಲ. ಬರೆದವರ ಸೋಮಾರಿತನ ಅನ್ತೀನಿ. ಬರ್ಟ್ ವಿಲಿಯಮ್ಸನ ಮಸಿ ಡಬ್ಬ ನಮ್ಮಲ್ಲೂ ಒಂದಿತ್ತು.

ಮಾಸ್ಟರ್ ಹಿರಣ್ಣಯ್ಯನವರ "ಲಂಚಾವತಾರ" ನನಗೆ ಅರ್ಧ ಇಷ್ಟ. ಮಂತ್ರಿಗಳು ಮುಂದಿನ ಸಾಲಿನಲ್ಲಿ ಕೂತಿದ್ದರೂ ಬಿಡದೆ ಜಾಡಿಸುವ ಗುಂಡಿಗೆ ದೊಡ್ಡದು. ಇನ್ನರ್ಧ ಯಾಕಿಲ್ಲ ಅಂದ್ರೆ ಅದು ಅವರ ತಪ್ಪಲ್ಲ, ನೋಡುಗರದು. ನಾಟಕ ನೋಡಿ ಚಪ್ಪಾಳೆ ಹೊಡೆದವರೇ ಮಾರನೇ ದಿನ ಕಚೇರಿಯಲ್ಲಿ "ಇವರೆಲ್ಲ ಬಂದ ಮೇಲೆ ಲಂಚ ಜಾಸ್ತಿ ಆಯ್ತು" ಅಂದಿದ್ದನ್ನ ನನ್ನ ಕಿವಿಯಾರೆ ಕೇಳಿದ್ದೀನಿ. ಮೇಲೆ ಬಿಟ್ಟ ಬಾಣವನ್ನ ಪ್ರೇಕ್ಷಕ ಕೆಳಕ್ಕೆ ತಿರುಗಿಸ್ಕೊಳ್ಳೋದು ಹೀಗೆ.

ಇನ್ನು "ನಿಮ್ಮೋರು ಬೇಗ ಸಿಟ್ಟಾಗ್ತೀರಿ" ಅನ್ನೋ ಆರೋಪ. ಎರಡು ದಾಖಲೆ ಇಡ್ತೀನಿ.

1973ರ ನವೆಂಬರ್. ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಒಂದೇ ಪದ, ದನದ ಮೇವಿನ ಹೆಸರು. ಅದನ್ನ ವ್ಯಂಗ್ಯ ಅಂತ ತಗೊಂಡು ವಾದ ಮಾಡಬಹುದಿತ್ತು. ಆದ್ರೆ ರಾಜ್ಯದಲ್ಲಿ ಗಲಭೆ ಎದ್ದಿತು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿದ್ದವು, ತಲೆ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸಿದ ಮಂತ್ರಿಯ ಕುರ್ಚಿಯೇ ಹೋಯ್ತು. ಅವತ್ತು ಯಾರೂ ಅವರಿಗೆ "ತಮಾಷೆಗಪ್ಪಾ" ಅನ್ನಲಿಲ್ಲ.

ಎರಡನೆಯದು ಶಂಕರ್ ಅವರ ಕಾರ್ಟೂನು. ಬಾಬಾಸಾಹೇಬರು ಸಂವಿಧಾನ ಅನ್ನೋ ಬಸವನಹುಳುವಿನ ಮೇಲೆ ಕೂತಿದ್ದಾರೆ, ಹಿಂದೆ ನೆಹರೂ ಚಾಟಿ ಹಿಡಿದು ನಿಂತಿದ್ದಾರೆ. 1949ರ ಚಿತ್ರ. ಹನ್ನೊಂದನೇ ತರಗತಿಯ ಪಠ್ಯದಲ್ಲಿದ್ದ ಅದರ ಮೇಲೆ 2012ರಲ್ಲಿ ಸಂಸತ್ತಿನಲ್ಲಿ ಗಲಾಟೆಯಾಗಿ ತೆಗೆದುಹಾಕೋ ತೀರ್ಮಾನವಾಯ್ತು. ಆಗ ಪುಣೆಯಲ್ಲಿ ಪ್ರಾಧ್ಯಾಪಕರ ಕಚೇರಿಗೆ ನುಗ್ಗಿದ್ದನ್ನ ನಾನು ಒಪ್ಪೋದಿಲ್ಲ, ಅದು ನಮ್ಮ ದಾರಿ ಅಲ್ಲ. ಆದರೆ ಆ ಜೋಕು ನಿಜವಾ ಅಂತ ಕೇಳೋ ಹಕ್ಕು ನಮಗಿದೆ. ಕರಡು ಸಮಿತಿ ನೇಮಕವಾಗಿದ್ದು 1947ರ ಆಗಸ್ಟ್ 29. ಕರಡು ಒಪ್ಪಿಸಿದ್ದು 1948ರ ಫೆಬ್ರವರಿಯಲ್ಲಿ. ಆರು ತಿಂಗಳೂ ತುಂಬಿರಲಿಲ್ಲ. ಆಮೇಲೆ ಸಭೆಯಲ್ಲಿ ಮಂಡನೆಯಾದ ತಿದ್ದುಪಡಿಗಳೇ 2,473. ಸಮಿತಿಯ ಉಳಿದವರು ರಾಜೀನಾಮೆ, ಸಾವು, ಬೇರೆ ಕೆಲಸ ಅಂತ ದೂರವಾಗಿ ಭಾರ ಒಬ್ಬರ ಮೇಲೇ ಬಿತ್ತು ಅಂತ ಟಿ.ಟಿ. ಕೃಷ್ಣಮಾಚಾರಿಯವರೇ ಸಭೆಯಲ್ಲಿ ಹೇಳಿದ್ದಾರೆ. ಸಕ್ಕರೆ ಕಾಯಿಲೆಯ ಮೈಯಲ್ಲಿ ಅಷ್ಟು ದುಡಿದ ಮನುಷ್ಯನನ್ನ ಬಸವನಹುಳು ಮೇಲೆ ಕೂರಿಸಿದ್ದು ಹೇಗೆ ತಮಾಷೆ? ಆ ಕಾಲದ ಪತ್ರಿಕೆಗಳು ಬಾಬಾಸಾಹೇಬರನ್ನ ಹೇಗೆಲ್ಲ ಚಿತ್ರಿಸಿದವು ಅಂತ ಉನ್ನಮಟಿ ಶ್ಯಾಮಸುಂದರ್ ಒಂದು ಪುಸ್ತಕವನ್ನೇ ಮಾಡಿದ್ದಾರೆ. ಒಂದೊಂದು ಚಿತ್ರ ನೋಡಿದಾಗಲೂ ಚಾಟಿ ಯಾರ ಕೈಯಲ್ಲಿತ್ತು ಅಂತ ಅರ್ಥವಾಗುತ್ತೆ.

2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರ ಉತ್ಸವದಲ್ಲಿ ವಿದ್ಯಾರ್ಥಿಗಳು ಬಾಬಾಸಾಹೇಬರ ಹೆಸರನ್ನ ತಿರುಚಿ ಪ್ರಹಸನ ಆಡಿದಾಗ ನನ್ನ ಮಗಳು ಪಿಯುಸಿ. ವಿಡಿಯೋ ತೋರಿಸಿ ಕೇಳಿದಳು: "ಅಪ್ಪಾ, ಕ್ಲಾಸಲ್ಲಿ ಇಂಥಾ ಜೋಕ್ ಹೇಳ್ದಾಗ ನಗದೇ ಇದ್ರೆ ನಾನು ಯಾರು ಅಂತ ಗೊತ್ತಾಗ್ಬಿಡುತ್ತೆ. ಏನ್ ಮಾಡ್ಲಿ?" ಈ ಪ್ರಶ್ನೆ ಕುರ್ಚಿಯಲ್ಲಿ ಕೂತು ಸಿನಿಮಾ ನೋಡಿದ ಯಾವ ಅಪ್ಪನಿಗೂ ಬಂದಿರಲ್ಲ. ನಗುವುದೇ ಒಂದು ಜಾತಿ ಸರ್ಟಿಫಿಕೇಟ್ ಆಗಿರೋವಾಗ ಅದನ್ನ ಹೇಗೆ ಬರೀ ರುಚಿ ಅನ್ನೋದು?

ನಾನು ಅವಳಿಗೆ ಭಾಷಣ ಮಾಡ್ಲಿಲ್ಲ. ಎರಡು ಪುಸ್ತಕ ಕೊಟ್ಟೆ.

ಒಂದು ಸಿದ್ಧಲಿಂಗಯ್ಯನವರ "ಊರುಕೇರಿ". ಎತ್ತಿನ ಬದಲು ಅಪ್ಪನ ಹೆಗಲಿಗೇ ನೊಗ ಬಿದ್ದಿದ್ದನ್ನ ನೋಡಿದ ಹುಡುಗ, ಸ್ಮಶಾನದಲ್ಲಿ ಕೂತು ಓದಿದ ಹುಡುಗ, ತನ್ನ ಬಡತನವನ್ನೇ ಹೇಳಿ ನಮ್ಮನ್ನ ನಗಿಸ್ತಾನೆ. ಆ ನಗುವಿನಲ್ಲಿ ಬಡವ ಎಲ್ಲೂ ಸಣ್ಣವನಾಗಲ್ಲ. ಅವರ ಭಾಷಣ ಕೇಳಿದವರಿಗೆ ಗೊತ್ತು, ಸಭೆ ಹೊಟ್ಟೆ ಹಿಡ್ಕೊಂಡು ನಗ್ತಿತ್ತು, ಅವರ ಮುಖ ಮಾತ್ರ ಗಂಭೀರ. 2021ರಲ್ಲಿ ಕೋವಿಡ್ ಅವರನ್ನ ಕಿತ್ಕೊಂಡಿತು. ನನ್ನ ಪಾಲಿಗೆ ಕನ್ನಡದ ಮೊದಲ ಹಾಸ್ಯಗಾರ ಅವರೇ.

ಇನ್ನೊಂದು ದೇವನೂರ ಮಹಾದೇವ ಅವರ "ಒಡಲಾಳ". ಸಾಕವ್ವ ಕಳೆದುಹೋದ ಹುಂಜ ಹುಡುಕೋದು, ಕದ್ದು ತಂದ ಕಡ್ಲೆಕಾಯಿಯನ್ನ ಇಡೀ ಮನೆ ರಾತ್ರಿ ಒಲೆ ಸುತ್ತ ಕೂತು ತಿಂದು ಮುಗಿಸೋದು, ಪೊಲೀಸರು ಬರೋದು. ಹಸಿವು, ಕಳ್ಳತನ, ಭಯ ಎಲ್ಲ ಇದೆ, ಆದರೂ ನಗು ಉಕ್ಕುತ್ತೆ. ಸಿ.ಜಿ. ಕೃಷ್ಣಸ್ವಾಮಿ ಅದನ್ನ ರಂಗಕ್ಕೆ ತಂದಾಗ ಸಾಕವ್ವ ಆದವರು ಉಮಾಶ್ರೀ. ಇದೇ ಉಮಾಶ್ರೀಯವರನ್ನ ಸಿನಿಮಾ ವರ್ಷಗಟ್ಟಲೆ ಡಬಲ್ ಮೀನಿಂಗ್ ಮಾತಿಗೆ ಬಳಸ್ಕೊಂಡಿತು. "ಗುಲಾಬಿ ಟಾಕೀಸ್"ಗೆ ರಾಷ್ಟ್ರಪ್ರಶಸ್ತಿ ಬಂದಮೇಲೆ "ಅಯ್ಯೋ, ಇಷ್ಟು ದೊಡ್ಡ ನಟಿಯಾ" ಅಂದ್ರು. ಸಾಕವ್ವನನ್ನ ನೋಡಿದವರಿಗೆ ಅದು ಮೊದಲೇ ಗೊತ್ತಿತ್ತು.

ಈಗ ಛತ್ತೀಸ್‌ಗಢದ ಬಸ್ತಾರ್ ಕಡೆಯ ಮಂಜೀತ್ ಸರ್ಕಾರ್ ತರಹದ ದಲಿತ ಹುಡುಗರು ಮೈಕ್ ಹಿಡಿದು ಜಾತಿಯ ಬಗ್ಗೆ ಸ್ಟ್ಯಾಂಡಪ್ ಮಾಡ್ತಿದ್ದಾರೆ. ಗ್ರೆಗರಿ ಹಾಗೆ, ಮಸಿ ಇಲ್ಲದೆ. ಹಿಂದಿ, ಇಂಗ್ಲಿಷಿನಲ್ಲಿ ಬಂದಿದ್ದು ಕನ್ನಡದಲ್ಲೂ ಬರಬೇಕು. ನಮ್ಮ ಕೇರಿಗಳಲ್ಲಿ ಒಬ್ಬೊಬ್ಬ ಅಜ್ಜಿಯೂ ಎರಡೆರಡು ಗಂಟೆ ಶೋ ಕೊಡುವಷ್ಟು ಸರಕು ಇಟ್ಕೊಂಡಿದ್ದಾಳೆ.

ನನ್ನ ಮಾಪನ ಸರಳ. ಒಂದು ಜೋಕು ಕೇಳಿದಾಗ ಯಾರ ಬೆನ್ನು ಬಗ್ಗಿತು ಅಂತ ನೋಡಿ. ದರ್ಪದ ಬೆನ್ನು ಬಗ್ಗಿದ್ರೆ ಅದು ಹಾಸ್ಯ. ಮೊದಲೇ ಬಗ್ಗಿರೋ ಬೆನ್ನ ಮೇಲೆ ಹತ್ತಿ ಕುಣಿದ್ರೆ ಅದಕ್ಕೆ ಬೇರೆ ಹೆಸರಿದೆ. ನಗದೇ ಕೂತವನನ್ನ ಹಾಸ್ಯಪ್ರಜ್ಞೆ ಇಲ್ಲದವನು ಅಂತ ತೀರ್ಮಾನ ಮಾಡೋ ಮುಂಚೆ ಅವನು ಯಾವ ಟಿಕೆಟ್ಟಿನಲ್ಲಿ ಕೂತು ನೋಡ್ತಿದ್ದಾನೆ ಅಂತ ಒಂದ್ಸಲ ಕೇಳಿ.

ಮಗಳು "ಊರುಕೇರಿ" ಮುಗಿಸಿದಳು. ಓದ್ತಾ ಓದ್ತಾ ಜೋರಾಗಿ, ಹಲ್ಲು ಬಿಟ್ಕೊಂಡು, ಕಣ್ಣಲ್ಲಿ ನೀರು ಬರೋ ಹಾಗೆ ನಗ್ತಿದ್ದಳು. ಶಾಸ್ತ್ರದ ಪ್ರಕಾರ ಅತಿಹಸಿತ. ನಮ್ಮ ಮನೇಲಿ ಅದಕ್ಕೆ ಬರೀ ನಗು ಅಂತೀವಿ.

ನಿಮ್ಮ ಮನೆಯಲ್ಲಿ ಯಾರು ಯಾರಿಗೆ ನಗ್ತಿದ್ರು, ಬರೀರಿ. ಜೈ ಭೀಮ್.